ನಂಜುನಿರೋಧಕ ಬೇರೆ, ಪ್ರತಿಜೀವಕ ಬೇರೆ

‘ವಸಡು ಊದಿದ್ದರೆ ಪ್ರತಿಜೀವಕದಿಂದ ಬಾಯಿ ಮುಕ್ಕಳಿಸಿ.’ ಮೊನ್ನೆ ಇನ್ನೊಂದು ಆರೋಗ್ಯ ಲೇಖನದಲ್ಲಿ ಓದಿದೆ. ಬರೆದವರು ಹೇಳಹೊರಟಿದ್ದು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಗ್ಗೆ. ಅದು ನಂಜುನಿರೋಧಕ, ಆಂಟಿಸೆಪ್ಟಿಕ್. ಪ್ರತಿಜೀವಕ ಅಂದರೆ ಆಂಟಿಬಯಾಟಿಕ್. ಇವೆರಡನ್ನೂ ಕಲಸಿಡುವುದನ್ನು ನೋಡಿ ನೋಡಿ ಸಾಕಾಗಿದೆ.

ನಂಜು ನಮ್ಮದೇ ಹಳೆಯ ಮಾತು. ಮೂಲದಲ್ಲಿ ವಿಷ ಅಂತ ಅರ್ಥ. ವಿಷ ಉಂಡವನು ನಂಜುಂಡ, ಅವನ ಊರು ನಂಜನಗೂಡು. ಗಾಯ ಕೀವು ಕಟ್ಟಿದರೆ ‘ನಂಜಾಗಿದೆ’ ಅಂದೆವು. ಗಾಯ ಮಾಯುವ ತನಕ ಬದನೆಕಾಯಿ ‘ನಂಜು’ ಅಂತ ತಟ್ಟೆಯಿಂದ ದೂರ ಇಟ್ಟೆವು. ಸೆಪ್ಟಿಕ್ ಪದದ ಬೇರಿರುವುದು ಗ್ರೀಕಿನಲ್ಲಿ, ಅಲ್ಲಿ ಅದಕ್ಕೆ ಕೊಳೆಯುವುದು ಎಂದರ್ಥ. ಹಾಗಾಗಿ ನಂಜುನಿರೋಧಕ ಎಷ್ಟು ಚೆನ್ನಾಗಿ ಹೊಂದುತ್ತದೆ! 1865ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಬಳಸಿದ್ದು ಇದೇ ಕೆಲಸಕ್ಕೆ. ಲಿಸ್ಟರೀನ್ ಮೌತ್‌ವಾಶ್‌ಗೆ ಆ ಹೆಸರು ಬಂದಿದ್ದೂ ಅವರಿಂದಲೇ. ನಂಜುನಿರೋಧಕ ತಾಗಿದ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, ನುಂಗುವಂತಿಲ್ಲ.

ಪ್ರತಿಜೀವಕದ ಕಥೆ ಬೇರೆ. 1940ರ ದಶಕದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್ ಆಂಟಿಬಯಾಟಿಕ್ ಪದವನ್ನು ಬಳಕೆಗೆ ತಂದಾಗ ಅದರ ಅರ್ಥ ಹೀಗಿತ್ತು: ಒಂದು ಸೂಕ್ಷ್ಮಜೀವಿ ತಯಾರಿಸುವ, ಇನ್ನೊಂದನ್ನು ಕೊಲ್ಲುವ ಇಲ್ಲವೇ ಬೆಳೆಯಗೊಡದ ವಸ್ತು. ಈಗ ನಾವು ಬ್ಯಾಕ್ಟೀರಿಯಾ ವಿರುದ್ಧದ ಔಷಧಕ್ಕೆ ಈ ಮಾತು ಬಳಸುತ್ತೇವೆ. ಫಂಗಸ್ಸಿಗೂ ವೈರಸ್ಸಿಗೂ ಅದು ನಾಟುವುದಿಲ್ಲ.

ಇದು ಬರೀ ಪದದ ಜಗಳ ಅಲ್ಲ. ನಮ್ಮ ಚಿಕ್ಕಮ್ಮ ಕೆಮ್ಮಿಗೆ ಅಂತ ಆಂಟಿಬಯಾಟಿಕ್ ಕೋರ್ಸ್ ಮುಗಿಸಿದ್ದರು. ವಾರದಲ್ಲಿ ಕೆನ್ನೆಯ ಒಳಗೆ, ನಾಲಿಗೆ ಮೇಲೆ ಒಡೆದ ಹಾಲಿನಂಥ ಬಿಳಿ ಪದರ. ಬಟ್ಟೆಯಿಂದ ಒರೆಸಿದರೆ ಕೆಳಗೆ ಕೆಂಪು, ಉರಿ. ‘ಬಾಯಿ ನಂಜಾಗಿದೆ, ಅದೇ ಮಾತ್ರೆ ಇನ್ನೊಂದು ಸ್ಟ್ರಿಪ್ ತಗೊಂಡು ಬಾ’ ಅಂದರು. ಅದು ಕ್ಯಾಂಡಿಡಾ, ಒಂದು ಫಂಗಸ್. ಅದನ್ನು ಹತೋಟಿಯಲ್ಲಿಟ್ಟಿದ್ದ ಬ್ಯಾಕ್ಟೀರಿಯಾವನ್ನು ಮಾತ್ರೆಯೇ ಕೊಂದಿತ್ತು. ಡಾಕ್ಟರ್ ಕೊಟ್ಟ, ಫಂಗಸ್ಸಿಗೆ ನಾಟುವ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಹಚ್ಚಿದ ಮೇಲೆ ಹೋಯಿತು. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದೆ ಮಲಗುವವರಿಗೂ ಇದು ಬರುತ್ತದೆ. ಇನ್ನು ತುಟಿಯ ಒಳಗೆ ಆಗಾಗ ಏಳುವ ಸಾಮಾನ್ಯ ಬಾಯಿಹುಣ್ಣು ಸೋಂಕೇ ಅಲ್ಲ. ಅದಕ್ಕೆ ಯಾವ ಆಂಟಿಬಯಾಟಿಕ್ ಕೊಡುತ್ತೀರಿ?

ವಸಡಿನ ರೋಗಕ್ಕೆ ಬ್ಯಾಕ್ಟೀರಿಯಾ ಕಾರಣ, ನಿಜ. ಆದರೆ ಅವು ಹಲ್ಲಿನ ಬುಡದಲ್ಲಿ ಅಂಟು ಪಾಚಿಯಾಗಿ ಮನೆ ಮಾಡಿರುತ್ತವೆ, ಔಷಧ ಒಳಗೆ ಇಳಿಯುವುದು ಕಷ್ಟ. ಕೆರೆದೇ ತೆಗೆಯಬೇಕು. ಅದಕ್ಕೇ ಮೊದಲು ಕ್ಲೀನಿಂಗ್. ವಸಡಿನ ಅಂಚು ಕೊಳೆತು ಜ್ವರ ಬಂದಂಥ ಸಂದರ್ಭದಲ್ಲಿ ಡಾಕ್ಟರ್ ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕ್ ಬರೆಯಬಹುದು, ಆಗಲೂ ಕ್ಲೀನಿಂಗ್ ತಪ್ಪುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಜೊತೆಗಿರುವ ಸಹಾಯಕ ಅಷ್ಟೇ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ಊಟದ ರುಚಿ ಕೆಡುತ್ತದೆ. ಪೇಸ್ಟಿನ ನೊರೆಯೂ ಅದರ ಶಕ್ತಿ ಕುಂದಿಸುತ್ತದೆ. ಹಲ್ಲುಜ್ಜಿ ಅರ್ಧ ಗಂಟೆಯಾದರೂ ಬಿಟ್ಟು ಮುಕ್ಕಳಿಸಿ.