ಪೇಂಟ್ ವಾಸನೆ ಹೋಯ್ತಾ?

ಹೋದ ವರ್ಷ ದಸರಾ ಮುಗಿದ ಮೇಲೆ ನಮ್ಮ ಮನೆಗೆ ಪೇಂಟ್ ಹೊಡೆಸಿದೆವು. ಮನೆ ಖಾಲಿ ಮಾಡಿ ಅಲ್ಲ, ಅದರೊಳಗೇ ಇದ್ದುಕೊಂಡು. ಬೆಂಗಳೂರಲ್ಲಿ ಹನ್ನೆರಡು ದಿನಕ್ಕೆ ಅಂತ ಬೇರೆ ಮನೆ ಯಾರು ಕೊಡುತ್ತಾರೆ ಹೇಳಿ. ಒಂದು ರೂಮಿನ ಸಾಮಾನೆಲ್ಲ ಇನ್ನೊಂದು ರೂಮಿಗೆ, ಅಲ್ಲಿಂದ ಹಾಲ್‌ಗೆ, ಫ್ರಿಜ್ ಮೇಲೆ ಹಳೇ ಬೆಡ್‌ಶೀಟು, ಅಕ್ಕಿ ಡಬ್ಬದ ಮೇಲೆ ಪ್ಲಾಸ್ಟಿಕ್ಕು, ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಸಾಲಾಗಿ. ಸಾಲದ್ದಕ್ಕೆ ನಾನು ಆಫೀಸ್ ಕೆಲಸ ಮಾಡುವ ಸಣ್ಣ ರೂಮಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸುವುದೂ ತೀರ್ಮಾನವಾಗಿತ್ತು. ಆ ಖಾಲಿ ಟೈಲ್ಸ್ ರೂಮಿನಿಂದ ವಿಡಿಯೊ ಕಾಲ್ ಮಾಡಿದರೆ ನನ್ನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ ಅಂತ ಎಲ್ಲರದ್ದೂ ದೂರು.

ಐದನೇ ದಿನ ಶಿವಮೊಗ್ಗದಿಂದ ಅಮ್ಮ ಬಂದರು. ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದು, "ಇದೇನೋ ಈ ಪಾಟಿ ವಾಸನೆ, ಹೆಂಗಿದೀರೋ ಇದ್ರಲ್ಲಿ?" ಅಂದರು. ನಮಗೆ ಆಶ್ಚರ್ಯ. ನಮಗೇನೂ ಬರುತ್ತಲೇ ಇರಲಿಲ್ಲ. ಅರ್ಧ ಗಂಟೆ ಬಿಟ್ಟು ಕಾಫಿ ಕುಡಿಯುವಾಗ ಕೇಳಿದೆ, "ಈಗ?" "ಈಗ ಪರವಾಗಿಲ್ಲ ಕಣೋ, ಕಮ್ಮಿ ಆಗಿದೆ."

ಕಮ್ಮಿ ಆಗಿದ್ದು ವಾಸನೆಯಲ್ಲ. ಮೂಗಿನ ಸ್ವಭಾವವೇ ಹಾಗೆ, ಹೊಸದು ಬಂದಾಗ ಕೂಗುತ್ತೆ, ಅದೇ ವಾಸನೆ ಕೆಲವು ನಿಮಿಷ ಒಂದೇ ಸಮ ಇದ್ದರೆ ಮೂಗಿನ ನರಗಳೂ ಮಿದುಳೂ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತು ನಿಮಿಷ ಹೊರಗೆ ಹೋಗಿ ಬಂದರೆ ಮತ್ತೆ ಗೊತ್ತಾಗುತ್ತೆ. ಗಾಳಿಯಲ್ಲಿರುವುದು ಮಾತ್ರ ಇದ್ದಷ್ಟೇ ಇರುತ್ತೆ.

ಹಾಗಾದರೆ ಗಾಳಿಯಲ್ಲಿ ಏನಿತ್ತು? ನಮ್ಮ ಪೇಂಟರ್ ಮೊದಲ ದಿನವೇ ಹೇಳಿದ್ದ, "ವಾಟರ್ ಬೇಸ್ ಸಾರ್, ವಾಸ್ನೆ ಇರಲ್ಲ." ಗೋಡೆಗೆ ಹೊಡೆಯುವ ಎಮಲ್ಷನ್ನಿನಲ್ಲಿ ಜಾಸ್ತಿ ಇರುವುದು ನೀರೇ, ನಿಜ. ಆ ನೀರಿನಲ್ಲಿ ಪ್ಲಾಸ್ಟಿಕ್ಕಿನಂಥ ಅಕ್ರಿಲಿಕ್ ಕಣಗಳು ತೇಲುತ್ತಿರುತ್ತವೆ, ಕೂದಲಿನ ದಪ್ಪದ ಕೆಲವು ನೂರರಲ್ಲಿ ಒಂದು ಪಾಲಿನಷ್ಟು ಸಣ್ಣವು. ಜೊತೆಗೆ ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್ ಪುಡಿ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಅಂಟಿ ಹಾಳೆಯಂತಾಗಬೇಕು. ಆದರೆ ಅವು ಗಟ್ಟಿ, ಸುಮ್ಮನೆ ಪಕ್ಕಪಕ್ಕ ಕೂತರೆ ಅಂಟುವುದಿಲ್ಲ. ಅದಕ್ಕೇ ಅವನ್ನು ಮೆತ್ತಗೆ ಮಾಡುವ ದ್ರವವೊಂದನ್ನು ಸ್ವಲ್ಪ ಸೇರಿಸುತ್ತಾರೆ, ಟೆಕ್ಸನಾಲ್ ಅಂತ ಒಂದು ತುಂಬಾ ಬಳಕೆಯಲ್ಲಿದೆ. ಕಣಗಳು ಅಂಟಿಕೊಂಡ ಮೇಲೆ ಅದರ ಕೆಲಸ ಮುಗಿಯಿತು, ಆದರೆ ನೀರಿನ ಹಾಗೆ ಎರಡು ಗಂಟೆಯಲ್ಲಿ ಎದ್ದು ಹೋಗುವ ಜಾತಿಯಲ್ಲ ಅದು. ಗೋಡೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತೆ, ಒಳಗಿನಿಂದ ಅದು ದಿನಗಟ್ಟಲೆ, ವಾರಗಟ್ಟಲೆ ಮೆಲ್ಲಗೆ ಹೊರಬರುತ್ತಲೇ ಇರುತ್ತೆ.

ಇಲ್ಲೊಂದು ತಮಾಷೆ ಇದೆ. ಹೀಗೆ ಗಾಳಿಗೆ ಹಾರುವ ರಾಸಾಯನಿಕಗಳಿಗೆ ವಿಒಸಿ ಅನ್ನುತ್ತಾರೆ. ಯುರೋಪಿನ ಪೇಂಟ್ ನಿಯಮದ ಪ್ರಕಾರ 250 ಡಿಗ್ರಿ ಸೆಲ್ಸಿಯಸ್ ಒಳಗೆ ಕುದಿಯುವುದಷ್ಟೇ ವಿಒಸಿ. ಟೆಕ್ಸನಾಲ್ ಕುದಿಯುವುದು ಸುಮಾರು 255 ಡಿಗ್ರಿಗೆ. ಕೂದಲೆಳೆಯಷ್ಟು ಅಂತರದಲ್ಲಿ ಪಾಸು! ಅಂದರೆ ಆ ನಿಯಮದ ಲೆಕ್ಕಕ್ಕೆ ಅದು ವಿಒಸಿಯೇ ಅಲ್ಲ. ಆದ್ದರಿಂದ ಡಬ್ಬದ ಮೇಲೆ ವಿಒಸಿ ಕಮ್ಮಿ ಅಂತ ಬರೆದಿದ್ದರೂ, ಮೂಗಿಗೆ ಏನೋ ಬರುತ್ತಿದ್ದರೆ ಅದು ನಿಮ್ಮ ಭ್ರಮೆಯಲ್ಲ. ಅಂಗಡಿಯ ಮಿಷಿನ್ನಿನಲ್ಲಿ ಬೇಕಾದ ಶೇಡ್‌ಗೆ ಬೆರೆಸುವ ಬಣ್ಣದ ದ್ರವದಿಂದಲೂ ವಿಒಸಿ ಸೇರಬಹುದು.

ಅಮ್ಮನಿಗೆ ಇದೆಲ್ಲ ಹೇಳಿದರೆ, "ನಮ್ಮ ಕಾಲದಲ್ಲಿ ಸುಣ್ಣ ಹೊಡೆದ ದಿನಾನೇ ಒಳಗೆ ಮಲಗ್ತಿದ್ವಿ" ಅಂದರು. ಅದೂ ಸರಿಯೇ. ಸುಣ್ಣ ಒಣಗುವ ರೀತಿಯೇ ಬೇರೆ. ಅರಳಿದ ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಗೋಡೆ ಮೇಲೆ ಕೂತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತೆ. ಎಮಲ್ಷನ್ ಗಾಳಿಗೆ ಕೊಡುತ್ತೆ, ಸುಣ್ಣ ಗಾಳಿಯಿಂದ ತಗೊಳ್ಳುತ್ತೆ. ಹಾಗಂತ ಸುಣ್ಣ ಸಾಧುವೇನಲ್ಲ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಸುಟ್ಟು ಹಾಕುತ್ತೆ, ಬಳಿಯುವವರ ಕೈಯೂ ಸುಟ್ಟು ಒಡೆಯುತ್ತೆ. ಆ ಕಾಲ ಚೆನ್ನಾಗಿತ್ತು ಅನ್ನುವಾಗ ಆ ಕೈಗಳು ಯಾರಿಗೂ ನೆನಪಾಗುವುದಿಲ್ಲ.

ನಿಜವಾಗಿ ತಲೆ ಸಿಡಿದದ್ದು ಕಿಟಕಿಯ ಗ್ರಿಲ್ಲು, ಬಾಗಿಲಿಗೆ ಎನಾಮಲ್ ಹೊಡೆದ ದಿನ. ಇದು ಆಯಿಲ್ ಪೇಂಟ್, ಥಿನ್ನರ್ ಅಥವಾ ಟರ್ಪೆಂಟೈನ್ ಬೆರೆಸಿದ್ದು. ಮೊದಲು ಆ ದ್ರಾವಕ ಹಾರಿ ಹೋಗುತ್ತೆ, ಅದೇ ತಲೆನೋವು ತರುವ ಕಟು ವಾಸನೆ. ಆಮೇಲೆ ಉಳಿದ ಎಣ್ಣೆಯಂಥ ಅಂಟು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತೆ. ಆಗ ಹೆಕ್ಸನಾಲ್‌ನಂಥ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಹಳೇ ಎಣ್ಣೆ ಕಮಟು ಹಿಡಿದಾಗ ಬರುವ ವಾಸನೆಯಲ್ಲೂ ಇವೇ ಇರುತ್ತವೆ. ಎನಾಮಲ್ ಬಾಗಿಲ ಹತ್ತಿರ ಮೂರನೇ ದಿನ ಬರುವ ಜಿಡ್ಡು ವಾಸನೆ ಯಾವುದೋ ನೆನಪು ತರುತ್ತೆ ಅಂತ ಅನ್ನಿಸಿದ್ದರೆ, ತಳ ಕಂಡ ಕರಿದ ಎಣ್ಣೆ ಬಾಣಲೆ ನೆನಪಿಸಿಕೊಳ್ಳಿ.

ಇಷ್ಟೆಲ್ಲ ವಾಸನೆಗೆ ಹೆದರಿದ ನಾನು, ವಾಸನೆಯೇ ಇಲ್ಲದ್ದಕ್ಕೆ ಮೊದಲು ಹೆದರಲಿಲ್ಲ. ಎನಾಮಲ್ ಹೊಡೆಯುವ ಹಿಂದಿನ ದಿನ ಪೇಂಟರ್ ಹುಡುಗ ಗ್ರಿಲ್ಲಿನ ಹಳೇ ಹಳದಿ ಬಣ್ಣವನ್ನು ಎಮರಿ ಪೇಪರಿನಲ್ಲಿ ಗಸಗಸ ಉಜ್ಜುತ್ತಿದ್ದ. ಧೂಳು ಬಿಸಿಲಕೋಲಿನಲ್ಲಿ ಚೆಂದವಾಗಿ ಕುಣಿಯುತ್ತಿತ್ತು. ಮಗಳು ಅಲ್ಲೇ ಕೆಳಗೆ ಕೂತು ಆಡುತ್ತಿದ್ದಳು. ನಮ್ಮದು ಮೂವತ್ತು ವರ್ಷದ ಮನೆ.

ಆ ಕಾಲದ ಹಳದಿ ಎನಾಮಲ್ ಬಣ್ಣಗಳಲ್ಲಿ ಲೆಡ್ ಕ್ರೋಮೇಟ್, ಅಂದರೆ ಸೀಸದ ಸಂಯುಕ್ತ ಬಳಸುವುದು ಮಾಮೂಲಾಗಿತ್ತು. ಮನೆ ಪೇಂಟ್‌ಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಹೊರಟಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಯಾಗುವಂಥದ್ದಲ್ಲ, ಇಷ್ಟಿದ್ದರೆ ತೊಂದರೆಯಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಈ ಮಾತನ್ನು ನಮ್ಮಲ್ಲಿ ವರ್ಷಗಟ್ಟಲೆ ಹೇಳುತ್ತಾ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. ನಮ್ಮ ಗ್ರಿಲ್ಲಿನಲ್ಲಿ ಸೀಸ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಪರೀಕ್ಷೆ ಮಾಡಿಸಲಿಲ್ಲ. ಮಗಳನ್ನು ಪಕ್ಕದ ಮನೆಗೆ ಕಳಿಸಿ, ಉಜ್ಜುವ ಜಾಗಕ್ಕೆ ನೀರು ಹಾಕಿಕೊಂಡು ಉಜ್ಜಪ್ಪ ಅಂತ ಹೇಳಿ, ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆವು. ಪೇಂಟರ್ ಹುಡುಗ ನಕ್ಕ. ಅವನ ಮೂಗಿಗೊಂದು ಕರ್ಚೀಫೂ ಇರಲಿಲ್ಲ, ದಿನಾ ಇದೇ ಕೆಲಸ. ಮಾಸ್ಕ್ ಕೊಟ್ಟರೆ ಸೆಕೆ ಅಂತ ಕತ್ತಿಗೆ ಇಳಿಸಿಕೊಂಡ.

ಇನ್ನು ಕಾರ್ಪೆಟ್ಟು. ಇದರ ಬಗ್ಗೆ ಅಮೆರಿಕದ ಕತೆಯೊಂದಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ದೇಶದ ಗಾಳಿ ಶುದ್ಧವಾಗಿದೆಯಾ ಅಂತ ನೋಡಿಕೊಳ್ಳುವ ಇಲಾಖೆ. 1987-88ರಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಅದರದೇ ಮುಖ್ಯ ಕಚೇರಿಗೆ ಹೊಸ ಕಾರ್ಪೆಟ್ ಹಾಸಿದರು. ನೌಕರರಿಗೆ ಕಣ್ಣುರಿ, ಗಂಟಲುರಿ, ತಲೆನೋವು ಶುರುವಾಯಿತು, ಕೆಲವರಿಗೆ ಆ ಕಟ್ಟಡದಲ್ಲಿ ಕೂರುವುದಕ್ಕೇ ಆಗಲಿಲ್ಲ. ಬೆಟ್ಟು ತೋರಿಸಿದ್ದು 4-ಫಿನೈಲ್‌ಸೈಕ್ಲೋಹೆಕ್ಸೀನ್ ಅನ್ನುವ ರಾಸಾಯನಿಕದ ಕಡೆಗೆ. ಕಾರ್ಪೆಟ್ಟಿನ ಬೆನ್ನಿಗೆ ಬಳಿಯುವ ರಬ್ಬರಿನಂಥ ಲೇಟೆಕ್ಸ್ ತಯಾರಾಗುವಾಗ ತಾನೇ ಹುಟ್ಟಿಕೊಳ್ಳುವ ವಸ್ತು ಇದು, 'ಹೊಸ ಕಾರ್ಪೆಟ್ ವಾಸನೆ' ಅನ್ನುವುದೇ ಇದು. ಗಾಳಿಯ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತ ಕಮ್ಮಿ ಇದ್ದರೂ ಮನುಷ್ಯರ ಮೂಗು ಇದನ್ನು ಹಿಡಿಯುತ್ತೆ. ಆದರೆ ನೌಕರರ ಕಾಯಿಲೆಗೆ ಇದೇ ಕಾರಣ ಅನ್ನುವುದು ಕೊನೆಗೂ ಸಾಬೀತಾಗಲಿಲ್ಲ. ಮೂಗು ಇಷ್ಟು ಜೋರಾಗಿ ಕೂಗುವ ವಸ್ತು ಇಷ್ಟು ಸಣ್ಣ ಪ್ರಮಾಣದಲ್ಲಿ ಎಷ್ಟು ಕೆಡುಕು ಮಾಡುತ್ತೆ ಅನ್ನುವುದು ಬೇರೆಯೇ ಪ್ರಶ್ನೆ. ಗ್ರಿಲ್ಲಿನ ಧೂಳಿಗೆ ಅದೇ ಮೂಗು ಪಿಟ್ಟೆನ್ನಲಿಲ್ಲ ಅಲ್ವಾ?

ನಮ್ಮ ಕಾರ್ಪೆಟ್ ಅಂಗಡಿಯವರು ಪೇಂಟ್ ಮುಗಿದ ಮಾರನೇ ದಿನವೇ ಬಂದು ಹಾಕಿಬಿಡುತ್ತೇವೆ ಅಂದರು. ನಾನೇ ಬೇಡ ಅಂದೆ. ಕಾರ್ಪೆಟ್ಟು, ಪರದೆ, ಹಾಸಿಗೆ ಇವೆಲ್ಲ ಎಳೆಎಳೆಯಾಗಿರುವುದರಿಂದ ಸ್ಪಂಜಿನಂತೆ. ಗಾಳಿಯಲ್ಲಿ ಪೇಂಟಿನ ಆವಿ ಜಾಸ್ತಿ ಇರುವಾಗ ಹೀರಿಟ್ಟುಕೊಂಡು, ಗಾಳಿ ಶುದ್ಧವಾದ ಮೇಲೆ ವಾಪಸ್ ಬಿಡುತ್ತಾ ಕೂರುತ್ತವೆ. ಗೋಡೆ ಪೂರ್ತಿ ಆರಲಿ ಅಂತ ಎರಡು ವಾರ ಬಿಟ್ಟೆವು. ಕಾರ್ಪೆಟ್ ರೋಲನ್ನು ತಾರಸಿ ಮೇಲೆ ಬಿಚ್ಚಿ ಎರಡು ದಿನ ಹರಡಿದ್ದೆವು, ಸಂಜೆ ಮೋಡ ಕಂಡರೆ ಎಲ್ಲರೂ ಮೇಲಕ್ಕೆ ಓಟ.

ಈ ನಡುವೆ ಸಲಹೆಗಳಿಗೇನೂ ಬರವಿರಲಿಲ್ಲ. ಈರುಳ್ಳಿ ಹೆಚ್ಚಿ ಮೂಲೆಯಲ್ಲಿಡಿ ಅಂದರು. ಇಟ್ಟರೆ ಮನೆಯೆಲ್ಲ ಈರುಳ್ಳಿ ವಾಸನೆ, ಪೇಂಟಿನದು ಅದರ ಹಿಂದೆ ಅಡಗಿತು ಅಷ್ಟೆ. ಗಿಡ ಇಡಿ, ನಾಸಾದವರೇ ಹೇಳಿದ್ದಾರೆ ಅಂದರು. ನಾಸಾದ 1989ರ ಪ್ರಯೋಗ ನಡೆದಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಲೆಕ್ಕ ಮಾಡಿದರು: ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಷ್ಟು ಗಿಡ ಇಟ್ಟರೆ ನಾವು ಎಲ್ಲಿ ಮಲಗುವುದು?

ಕೆಲಸ ಮಾಡಿದ್ದು ಕಿಟಕಿಯೇ. ಅದೂ ಒಂದೇ ಏಟಿಗಲ್ಲ. ರೂಮಿನಷ್ಟೇ ಹೊಸ ಗಾಳಿ ಒಂದು ಸಲ ಒಳಗೆ ಬಂದರೆ ಹಳೆಯದೆಲ್ಲ ಹೋಯಿತು ಅಂದುಕೊಳ್ಳುತ್ತೇವೆ, ಆದರೆ ಹೊಸದು ಹಳೆಯದರ ಜೊತೆ ಬೆರೆತುಕೊಂಡೇ ಆಚೆ ಹೋಗುವುದರಿಂದ ಶೇ. 37ರಷ್ಟು ಉಳಿದಿರುತ್ತೆ. ಮೂರು ಸಲ ಬದಲಾದರೆ ಶೇ. 5. ಅಷ್ಟರಲ್ಲಿ ಗೋಡೆ ಇನ್ನಷ್ಟು ಬಿಟ್ಟಿರುತ್ತೆ. ಎದುರುಬದುರು ಕಿಟಕಿ ತೆಗೆದು, ಟೇಬಲ್ ಫ್ಯಾನನ್ನು ಹೊರಮುಖ ಮಾಡಿ ಇಟ್ಟದ್ದು ಚೆನ್ನಾಗಿ ಉಪಯೋಗಕ್ಕೆ ಬಂತು. ಸಮಸ್ಯೆ ಸಂಜೆ ಆರಕ್ಕೆ. ಸೊಳ್ಳೆ! ಕಿಟಕಿ ಮುಚ್ಚಿದರೆ ಪೇಂಟು, ತೆಗೆದರೆ ಸೊಳ್ಳೆ, ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿದರೆ ಅದರ ಹೊಗೆ ಪೇಂಟಿಗಿಂತ ಕಡೆ. ಕೊನೆಗೆ ವೆಲ್ಕ್ರೊ ಹಚ್ಚಿದ ಸೊಳ್ಳೆ ಪರದೆ ತಂದು ಕಿಟಕಿಗಳಿಗೆ ಅಂಟಿಸಿದೆವು. ಹೊಸ ಪೇಂಟ್ ಮೇಲೆ ಅಂಟಿಸಬೇಡಿ, ಕಿತ್ತರೆ ಬಣ್ಣವೂ ಬರುತ್ತೆ ಅಂತ ಪೇಂಟರ್ ಹೇಳಿದ್ದು ಅಂಟಿಸಿದ ಮೇಲೆ.

ಸಂಕ್ರಾಂತಿಗೆ ಅಮ್ಮ ಮತ್ತೆ ಬಂದಾಗ ಅವರನ್ನು ಸೀದಾ ಕಾರ್ಪೆಟ್ ರೂಮಿಗೆ ಕರೆದುಕೊಂಡು ಹೋಗಿ, ಬ್ಯಾಗ್ ಇಡುವ ಮೊದಲೇ ಕೇಳಿದೆ, "ವಾಸನೆ ಬರ್ತಿದ್ಯಾ?" ಅಮ್ಮ ಎರಡು ಸಲ ಜೋರಾಗಿ ಉಸಿರೆಳೆದುಕೊಂಡರು. "ಪೇಂಟ್‌ದು ಇಲ್ಲ. ಯಾರೋ ಇಲ್ಲಿ ಕೂತು ಚಕ್ಲಿ ತಿಂದಿದ್ದಾರೆ."