ಹುತ್ತ ಕಟ್ಟಿದ ಕುಂಬಾರ ಯಾರು?

ದೇವರಿದ್ದಾನೆ ಅನ್ನೋದಕ್ಕೆ ನಾನು ಅತಿ ಜಾಸ್ತಿ ಕೇಳಿರುವ ವಾದ ಒಂದೇ. ಇಷ್ಟು ಅಚ್ಚುಕಟ್ಟಾದ ಜಗತ್ತು ತಾನಾಗೇ ಆಗೋಕೆ ಸಾಧ್ಯವಾ? ಮಾಡಿದವರು ಯಾರೋ ಇರಲೇಬೇಕು ಅಲ್ವಾ? ವಿಜ್ಞಾನ ಓದಿದವರೂ ಕಣ್ಣಿನ ರಚನೆಯನ್ನೋ ಡಿಎನ್ಎಯನ್ನೋ ತೋರಿಸಿ ಇದನ್ನೇ ಹೇಳುತ್ತಾರೆ. ನಾನು ನಾಸ್ತಿಕ. ಆದರೆ ಈ ವಾದವನ್ನು ಸುಮ್ನೆ ತಳ್ಳಿಹಾಕಬಾರದು, ಯಾಕೆಂದರೆ ನಮ್ಮ ದೇಶದಲ್ಲಿ ಇದನ್ನು ಕಟ್ಟಿ ನಿಲ್ಲಿಸಿದವರೂ ಅದನ್ನು ಒಡೆದವರೂ ಅಸಾಧ್ಯ ಬುದ್ಧಿವಂತರು.

ಕಟ್ಟಿದವರು ನ್ಯಾಯದರ್ಶನದವರು, ಅಂದರೆ ತರ್ಕವನ್ನೇ ಮುಖ್ಯ ಮಾಡಿಕೊಂಡ ಹಳೆಯ ಭಾರತೀಯ ಚಿಂತನೆಯ ಪಂಥದವರು. ಇವರನ್ನೇ ನೈಯಾಯಿಕರು ಅನ್ನೋದು. ಮಡಕೆ ಮೊದಲು ಇರಲಿಲ್ಲ, ಆಮೇಲೆ ಬಂತು. ಅದನ್ನು ಮಾಡಿದ ಕುಂಬಾರ ಇದ್ದಾನೆ. ಭೂಮಿ, ಬೆಟ್ಟ, ಮೊಳಕೆ ಇವೂ ಹಾಗೇ ಹುಟ್ಟಿಕೊಂಡವು, ಆದ್ದರಿಂದ ಇವನ್ನೂ ತಿಳಿವಳಿಕೆ ಇರುವ ಒಬ್ಬ ಕರ್ತೃ ಮಾಡಿರಬೇಕು. 10ನೇ ಶತಮಾನದ ಉದಯನಾಚಾರ್ಯರು ಈಶ್ವರನನ್ನು ತರ್ಕದಿಂದ ಸಾಧಿಸಲೆಂದೇ 'ನ್ಯಾಯಕುಸುಮಾಂಜಲಿ' ಬರೆದರು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಇದೇ ಜಾಡಿನ ವಾದವನ್ನು ಗಡಿಯಾರದ ಉದಾಹರಣೆ ಕೊಟ್ಟು ಮಂಡಿಸಿದ.

ಉದಯನರಿಗಿಂತ ಮುಂಚಿನ ನೈಯಾಯಿಕರೂ ಈ ವಾದ ಹೂಡುತ್ತಿದ್ದರು. ಅವರಿಗೆ ಬೌದ್ಧ ಪಂಡಿತ ಧರ್ಮಕೀರ್ತಿ 7ನೇ ಶತಮಾನದ ಹೊತ್ತಿಗೇ 'ಪ್ರಮಾಣವಾರ್ತಿಕ'ದಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಮಡಕೆ ಮಣ್ಣಿನಿಂದ ಆದದ್ದು, ಅದನ್ನು ಮಾಡಿದ್ದು ಕುಂಬಾರ. ಹುತ್ತವೂ ಮಣ್ಣಿನದೇ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಅನ್ನಬೇಕಾಗುತ್ತೆ! ಕುಂಬಾರರು ಮಡಕೆ ಮಾಡೋದನ್ನು ಕಂಡಿದ್ದೇವೆ, ಹಾಗಾಗಿ ಎಲ್ಲೋ ಒಂದು ಮಡಕೆ ಸಿಕ್ಕರೆ ಕಾಣದ ಕುಂಬಾರನನ್ನು ಊಹಿಸಬಹುದು. ಬೆಟ್ಟವನ್ನು ಯಾರಾದರೂ ಮಾಡೋದನ್ನು ಯಾರು ಕಂಡಿದ್ದಾರೆ? 'ಕಾರ್ಯ', ಅಂದರೆ ಮೊದಲು ಇಲ್ಲದೆ ಆಮೇಲೆ ಉಂಟಾದದ್ದು, ಅನ್ನೋ ಒಂದೇ ಹೆಸರು ಎರಡಕ್ಕೂ ಅಂಟಿಸಿದ ಮಾತ್ರಕ್ಕೆ ಎರಡೂ ಒಂದೇ ಜಾತಿಯವಾಗೋದಿಲ್ಲ.

ಧರ್ಮಕೀರ್ತಿಗೆ ಹುತ್ತ ಬರೀ ಉದಾಹರಣೆ. ಅದು ಎಷ್ಟು ಗಟ್ಟಿ ಉದಾಹರಣೆ ಅನ್ನೋದು ಗೊತ್ತಾಗೋಕೆ ಸಾವಿರಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಮ್ಮ ಕಡೆ ಹೊಲದ ಬದುವಿನಲ್ಲಿ ಕಾಣುವ, ಮೈ ತುಂಬ ಏಣುಗಳಿರುವ ಹುತ್ತಗಳಲ್ಲಿ ಎಷ್ಟೋ ಒಡಾಂಟೋಟರ್ಮಿಸ್ ಒಬೇಸಸ್ ಎಂಬ ಗೆದ್ದಲಿನವು. ಇದರ ಕೆಲಸಗಾರ ಗೆದ್ದಲುಗಳಿಗೆ ಕಣ್ಣಿಲ್ಲ. ಒಂದು ಗೆದ್ದಲು ಮಣ್ಣು ತೆಗೆದುಕೊಳ್ಳುತ್ತೆ, ಎಂಜಲು ಸೇರಿಸಿ ಸಣ್ಣ ಉಂಡೆ ಮಾಡುತ್ತೆ, ಒಂದು ಕಡೆ ಒತ್ತಿ ಹೋಗುತ್ತೆ. ಫ್ರೆಂಚ್ ಜೀವವಿಜ್ಞಾನಿ ಪಿಯೆರ್ ಪಾಲ್ ಗ್ರಾಸ್ಸೆ ಗೆದ್ದಲುಗಳ ಈ ಕೆಲಸವನ್ನು ಹತ್ತಿರದಿಂದ ನೋಡಿದ. ಮೊದಮೊದಲು ಉಂಡೆಗಳು ಎಲ್ಲೆಂದರಲ್ಲಿ ಬೀಳುತ್ತವೆ. ಎಲ್ಲೋ ಒಂದು ಕಡೆ ನಾಲ್ಕು ಉಂಡೆ ಜಾಸ್ತಿ ಸೇರಿದರೆ ಮುಂದೆ ಬರುವ ಗೆದ್ದಲುಗಳು ಅಲ್ಲೇ ಹಾಕತೊಡಗುತ್ತವೆ, ಗುಪ್ಪೆ ಕಂಬವಾಗುತ್ತೆ, ಹತ್ತಿರದಲ್ಲಿ ಇನ್ನೊಂದು ಕಂಬ ಎದ್ದಿದ್ದರೆ ಎರಡೂ ಒಂದರ ಕಡೆಗೊಂದು ವಾಲಿ ಕೊನೆಗೆ ಕಮಾನಾಗಿ ಕೂಡುತ್ತವೆ. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ, ರಾಣಿ ಅಪ್ಪಣೆ ಕೊಡೋದೂ ಇಲ್ಲ. ಆಗಲೇ ಆಗಿರುವ ಕೆಲಸವೇ ಮುಂದಿನ ಕೆಲಸಕ್ಕೆ ಸೂಚನೆ. 1959ರಲ್ಲಿ ಗ್ರಾಸ್ಸೆ ಇದಕ್ಕೆ 'ಸ್ಟಿಗ್ಮರ್ಜಿ' ಅಂತ ಹೆಸರಿಟ್ಟ. ಆ ಸೂಚನೆ ಉಂಡೆಯ ವಾಸನೆಯೋ, ಗೋಡೆಯ ಬಾಗೋ, ತೇವವೋ ಅನ್ನೋ ಚರ್ಚೆ ಇನ್ನೂ ನಡೆಯುತ್ತಿದೆ.

ಹೀಗೆ ಎದ್ದ ಹುತ್ತ ಉಸಿರಾಡುತ್ತೆ ಕೂಡ. ಒಳಗೆ ಲಕ್ಷಾಂತರ ಗೆದ್ದಲುಗಳು, ಜೊತೆಗೆ ಅವು ಬೆಳೆಸುವ ಶಿಲೀಂಧ್ರದ ತೋಟ. ಇವೆಲ್ಲ ಬಿಡುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲೇಬೇಕು. ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹುತ್ತಗಳ ಒಳಗೆ ಗಾಳಿಯ ವೇಗ ಅಳೆದು 2015ರಲ್ಲಿ ಪ್ರಕಟಿಸಿದರು. ಹಗಲು ಹೊರಗಿನ ತೆಳು ಏಣುಗಳು ಬೇಗ ಬಿಸಿಯಾಗುತ್ತವೆ, ಗಾಳಿ ಅಲ್ಲಿ ಮೇಲೇರಿ ನಡುವಿನಲ್ಲಿ ಕೆಳಗಿಳಿಯುತ್ತೆ. ರಾತ್ರಿ ಏಣುಗಳು ಬೇಗ ತಣ್ಣಗಾಗಿ ಅದೇ ಗಾಳಿ ತಿರುಗುಮುರುಗಾಗುತ್ತೆ. ಹಗಲಿಡೀ ಒಳಗೆ ಕೂಡಿದ ಕೆಟ್ಟ ಗಾಳಿ ರಾತ್ರಿ ಹೊರಬೀಳುತ್ತೆ. ಒಬ್ಬ ಎಂಜಿನಿಯರ್ ಮಾಡಿದ್ದರೆ ಬೆನ್ನು ತಟ್ಟುತ್ತಿದ್ದೆವು.

ನೈಯಾಯಿಕರು ಇಲ್ಲಿ ಸುಮ್ಮನಿರೋದಿಲ್ಲ. ಗೆದ್ದಲೂ ಜೀವಿಯೇ, ಅದೇ ಕರ್ತೃ ಅಂದಾರು. ಆದರೆ ಕರ್ತೃ ಅಂದರೆ ಯಾರು ಅಂತ ಅವರೇ ಹೇಳಿದ್ದಾರೆ: ಸಾಮಗ್ರಿಯ ನೇರ ಅರಿವು, ಮಾಡಬೇಕೆಂಬ ಇಚ್ಛೆ, ಪ್ರಯತ್ನ, ಈ ಮೂರೂ ಇರುವವನು. ತನ್ನ ಉಂಡೆಯ ಅರಿವು ಒಂದು ಗೆದ್ದಲಿಗೆ ಇರಬಹುದು. ಹುತ್ತ ಕಟ್ಟಬೇಕು ಅನ್ನೋ ಇಚ್ಛೆ ಆ ಲಕ್ಷಾಂತರದಲ್ಲಿ ಒಂದಕ್ಕಾದರೂ ಇದೆ ಅನ್ನೋಕೆ ಏನೂ ಆಧಾರ ಸಿಕ್ಕಿಲ್ಲ.

ಸರಿ, ಗೆದ್ದಲನ್ನು ಮಾಡಿದವರು ಯಾರು? ಇದಕ್ಕೆ ಡಾರ್ವಿನ್ 1859ರಲ್ಲೇ ಉತ್ತರದ ದಾರಿ ತೋರಿಸಿದ್ದಾನೆ. ಎಲ್ಲ ಆಕಸ್ಮಿಕ ಅಂತ ಅವನು ಹೇಳಲಿಲ್ಲ. ಮರಿಗಳಲ್ಲಿ ಬರುವ ವ್ಯತ್ಯಾಸಕ್ಕೆ ಗೊತ್ತುಗುರಿ ಇಲ್ಲ, ನಿಜ. ಆದರೆ ಯಾವುದು ಬದುಕಿ ಮರಿ ಹಾಕುತ್ತೆ ಅನ್ನೋದು ಆಕಸ್ಮಿಕ ಅಲ್ಲ. ಗಾಳಿಯಾಡುವ ಗೂಡು ಕಟ್ಟಿದ ಗೆದ್ದಲಿನ ವಂಶ ಉಳಿಯಿತು, ಕಟ್ಟದ್ದು ಅಳಿಯಿತು. ಕೋಟ್ಯಂತರ ವರ್ಷ ಹೀಗೇ ನಡೆದರೆ ಗುರಿಯಿಟ್ಟು ಮಾಡಿದಂತೆ ಕಾಣುವ ವಸ್ತು ಗುರಿಯಿಲ್ಲದೆ ಸಿದ್ಧವಾಗುತ್ತೆ.

ಇನ್ನೊಂದು ಪ್ರಶ್ನೆ ನಮ್ಮ ನೆಲದಲ್ಲೇ ಎದ್ದದ್ದು. ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಅದರಲ್ಲಿ ಕೇಳುತ್ತಾರೆ: ದೇವರು ಜಗತ್ತನ್ನು ಸೃಷ್ಟಿಸಿದ್ದಾದರೆ ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಸಾಮಗ್ರಿ ಎಲ್ಲಿಂದ ತಂದ? ಅವನು ಯಾರೂ ಮಾಡದೆ ತಾನಾಗೇ ಇರಬಹುದಾದರೆ, ಜಗತ್ತು ಯಾಕೆ ತಾನಾಗೇ ಇರಬಾರದು? ಪಂಪ 941ರಲ್ಲಿ ಕನ್ನಡ ಆದಿಪುರಾಣ ಬರೆದದ್ದು ಇದೇ ಕೃತಿಯನ್ನು ಆಧರಿಸಿ. ನಾಸ್ತಿಕತೆ ಪಶ್ಚಿಮದಿಂದ ಬಂದ ಶೋಕಿ ಅನ್ನೋರು ಅಮೋಘವರ್ಷನ ರಾಜಧಾನಿ ಮಳಖೇಡದ ಕಡೆ ಒಮ್ಮೆ ನೋಡಬೇಕು. ಜಿನಸೇನರು ಶ್ರದ್ಧಾವಂತ ಜೈನ ಮುನಿ. ಸೃಷ್ಟಿಕರ್ತನನ್ನು ಒಪ್ಪದೆಯೂ ಅಷ್ಟು ಗಾಢವಾದ ಧಾರ್ಮಿಕ ಬದುಕು ಸಾಧ್ಯವಾಗಿತ್ತು.

ಇಷ್ಟರಿಂದ ದೇವರಿಲ್ಲ ಅಂತ ಸಾಬೀತಾಯಿತು ಅನ್ನೋ ನಾಸ್ತಿಕ ಗೆಳೆಯರ ಮಾತನ್ನು ನಾನು ಒಪ್ಪೋದಿಲ್ಲ. ಬಿದ್ದದ್ದು ಒಂದು ವಾದ ಅಷ್ಟೆ. ನಾಗರಪಂಚಮಿ ದಿನ ಹುತ್ತಕ್ಕೆ ತನಿ ಎರೆಯುವ ಹೆಂಗಸು ಯಾವ ತರ್ಕವನ್ನೂ ಮಂಡಿಸುತ್ತಿಲ್ಲ, ಅವಳ ಜೊತೆ ನನಗೆ ಜಗಳ ಇಲ್ಲ. ನನ್ನ ತಕರಾರು ಇರೋದು ವಿಜ್ಞಾನವೇ ಸೃಷ್ಟಿಕರ್ತನನ್ನು ತೋರಿಸುತ್ತಿದೆ ಅನ್ನೋರ ಜೊತೆ.

ಅವರ ಇವತ್ತಿನ ಗಟ್ಟಿ ವಾದ ಜೀವಿಗಳನ್ನು ಬಿಟ್ಟು ಭೌತಶಾಸ್ತ್ರಕ್ಕೆ ಹೋಗಿದೆ. ಗುರುತ್ವ, ವಿದ್ಯುತ್ಕಾಂತ ಬಲಗಳ ಪ್ರಮಾಣ ಬೇರೆಯಾಗಿದ್ದರೆ ಇಂಥ ನಕ್ಷತ್ರಗಳೇ ಇರುತ್ತಿರಲಿಲ್ಲ, ಆದ್ದರಿಂದ ಯಾರೋ ಅದನ್ನು ಹೊಂದಿಸಿಟ್ಟಿದ್ದಾರೆ ಅನ್ನೋ ವಾದ. ಇದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಬೇರೆ ಬೇರೆ ಪ್ರಮಾಣದ ಅಸಂಖ್ಯ ವಿಶ್ವಗಳಿವೆ ಅಂತ ಉತ್ತರಿಸೋರಿದ್ದಾರೆ, ಅದಕ್ಕೂ ಸಾಕ್ಷಿ ಇಲ್ಲ, ನಾನು ಅದರ ಮೊರೆ ಹೋಗೋದಿಲ್ಲ. ಧರ್ಮಕೀರ್ತಿ ಹಾಕಿದ ಷರತ್ತೇ ಸಾಕು: ಊಹೆ ಮಾಡೋಕೆ ಮೊದಲು ಅಂಥ ನಂಟನ್ನು ಎಲ್ಲಾದರೂ ಕಂಡಿರಬೇಕು. ನಾವು ಕಂಡಿರೋದು ಒಂದೇ ವಿಶ್ವ. ಆ ಪ್ರಮಾಣಗಳು ಬೇರೆಯಾಗೋಕೆ ಸಾಧ್ಯವಿತ್ತಾ ಅನ್ನೋದೂ ಯಾರಿಗೂ ಗೊತ್ತಿಲ್ಲ. ಹೀಗಿರುವಾಗ ಹೊಂದಿಸಿದವನು ಇದ್ದಾನೆ ಅನ್ನೋಕೆ ಯಾವ ಆಧಾರವಿದೆ?