ಜೈಲಿನಲ್ಲಿ ಆಪ್ತಸಮಾಲೋಚನೆ: ಮೊದಲ ಭೇಟಿಗೆ ಕೂರುವ ಮುನ್ನ

ಕಲಬುರಗಿ, ಬೀದರ್, ಯಾದಗಿರಿ ಕಡೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಥೆರಪಿಯ ವಿಧಾನಗಳು ಪುಸ್ತಕದಲ್ಲಿ ಸಾಕಷ್ಟಿವೆ. ಜೈಲಿಗೆ ಹೋಗುವ ಮುಂಚೆ ಬೇರೆ ಒಂದು ಮಾತು ತಲೆಯಲ್ಲಿರಲಿ. ನಿಮ್ಮೆದುರು ಕೂರುವ ಹೆಚ್ಚಿನವರಿಗೆ ಇನ್ನೂ ಶಿಕ್ಷೆಯೇ ಆಗಿರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2022ರ ವರದಿ ನೋಡಿದರೆ, ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನ ಬಂದಿಗಳು. ಸಜಾ ಆದವರು ಇನ್ನೆಷ್ಟು ವರ್ಷ ಅಂತ ಲೆಕ್ಕ ಹಾಕಬಹುದು. ಇವರ ಕೈಯಲ್ಲಿರುವುದು ಮುಂದಿನ ತಾರೀಖು ಮಾತ್ರ, ಅದೂ ಮುಂದಕ್ಕೆ ಹೋಗುತ್ತಿರುತ್ತದೆ.

ಹಾಗಾಗಿ 'ಏನು ಕೇಸು?' ಅಂತ ಶುರು ಮಾಡಬೇಡಿ. ಪೊಲೀಸರು, ವಕೀಲರು, ಬ್ಯಾರಕ್ಕಿನವರು ಎಲ್ಲರೂ ಅದನ್ನೇ ಕೇಳಿರುತ್ತಾರೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮುಲಾಖಾತ್‌ಗೆ (ಮನೆಯವರ ಭೇಟಿಗೆ) ಯಾರು ಬರುತ್ತಾರೆ ಅಂತ ಕೇಳಿ. ಶಹಾಪುರ ಕಡೆಯ ಹುಡುಗನೊಬ್ಬ ಕೂತಿದ್ದಾನೆ ಅಂದುಕೊಳ್ಳಿ. ಅವ್ವ ಯಾಕೆ ಬಂದಿಲ್ಲ ಅಂದರೆ, "ಬಸ್ಸು ಫ್ರೀ ಅದ್ರಿ ಮೇಡಂ, ಖರೆ ತೊಗರಿ ರಾಶಿ ನಡದದ, ಒಂದಿನ ಕೂಲಿ ಬಿಟ್ರ ಮನ್ಯಾಗ ತಂಗಿ ಉಪಾಸ" ಅಂತಾನೆ. ಅವನ ಸಂಕಟ ಇರುವುದು ಅಲ್ಲೇ ಅಲ್ವಾ? ಮನೆಗೊಂದು ಫೋನ್ ಮಾಡಿಸುವುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುವಂತೆ ನೋಡುವುದು, ಇದರಲ್ಲಿ ಥೆರಪಿ ಎಲ್ಲಿದೆ ಅಂತ ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಇದಾಗದೆ ಮುಂದಿನ ಮಾತು ಹುಟ್ಟುವುದೇ ಇಲ್ಲ.

ಗುಟ್ಟಿನ ವಿಷಯವನ್ನು ಮೊದಲೇ ಬಿಡಿಸಿ ಹೇಳಿ. 'ನೀವು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ, ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ ನಾನು ತಿಳಿಸಲೇಬೇಕು.' ವಾರ್ಡರ್ ಕಣ್ಣಿಗೆ ಕಾಣಬೇಕು, ಮಾತು ಅವರ ಕಿವಿಗೆ ಬೀಳಬಾರದು, ಅಂಥ ಕಡೆ ಕೂರಿ.

ಜೈಲಿಗೆ ಬಂದ ಮೊದಲ ಕೆಲವು ದಿನ, ಜಾಮೀನು ತಿರಸ್ಕಾರವಾದ ದಿನ, ತೀರ್ಪು ಬಂದ ದಿನ, ಈ ಹೊತ್ತುಗಳಲ್ಲಿ ಜೀವ ಕಳೆದುಕೊಳ್ಳುವ ಅಪಾಯ ಹೆಚ್ಚು. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಆಗಲೇ ಜೈಲಿನ ವೈದ್ಯರಿಗೆ ತಿಳಿಸಿ. ಆತ್ಮಹತ್ಯೆಗೆ ಪ್ರಯತ್ನ ಮಾಡಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿರುವವರು ಎಂದೇ ನೋಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಬೈಯುವುದು, ಒಬ್ಬರನ್ನೇ ಕೂಡಿಹಾಕುವುದು ಪರಿಹಾರ ಆಗಲಾರದು.

ನಮ್ಮ ಗಡಿ ಭಾಗದಲ್ಲಿ ಇನ್ನೊಂದು ತೊಂದರೆ ಇದೆ. ನಿದ್ದೆ ಮಾತ್ರೆಯ ಪುಡಿ ಬೆರೆಸಿದ ಸಿಂದಿ (ಹೆಂಡ) ಕುಡಿದು ರೂಢಿಯಾದವರು ಒಳಗೆ ಬಂದ ಕೂಡಲೇ ಅದು ನಿಂತುಹೋಗುತ್ತದೆ. ಕೈ ನಡುಗುತ್ತದೆ, ಏನೇನೋ ಮಾತಾಡುತ್ತಾರೆ, ಫಿಟ್ಸ್ ಕೂಡ ಬರಬಹುದು. ಅಂಥವರಿಗೆ ಮೊದಲು ಡಾಕ್ಟರು ಬೇಕು, ಬುದ್ಧಿಮಾತು ಆಮೇಲೆ.

ಭಾಷೆಯ ಬಗ್ಗೆಯೂ ಎಚ್ಚರ ಇರಲಿ. ಲಂಬಾಣಿ, ದಖನಿ ಉರ್ದು, ತೆಲುಗು, ಮರಾಠಿ ಎಲ್ಲವೂ ಇಲ್ಲಿವೆ. ಪಕ್ಕದ ಬಂದಿಯನ್ನೇ ಸುಮ್ನೆ ದುಭಾಷಿಯಾಗಿ ಕೂರಿಸಿಕೊಳ್ಳಬೇಡಿ, ಸಂಜೆಯೊಳಗೆ ಇಡೀ ಬ್ಯಾರಕ್ಕಿಗೆ ಗೊತ್ತಾಗಿರುತ್ತದೆ. ಆ ಭಾಷೆ ಬಲ್ಲ ಸಮಾಲೋಚಕರನ್ನು ಹೊರಗಿನಿಂದ ಕರೆಸಿಕೊಡಿ ಎಂದು ಜೈಲಿನ ಅಧಿಕಾರಿಗಳಿಗೆ ಬರೆದು ಕೊಡಿ.